ಪೈಕ್ ಗಾಳಕ್ಕೆ ಬಿತ್ತು, ಮುಂದೇನು?

ನಾರ್ದರ್ನ್ ಪೈಕ್ ಹಿಡಿಯಲು ದೊಡ್ಡ ಜಾಣ್ಮೆಯೇನೂ ಬೇಡ. ಹೊಟ್ಟೆಬಾಕ ಮೀನು ಅದು, ಕಣ್ಣೆದುರು ಏನು ಮಿನುಗಿದರೂ ಬಾಯಿ ಹಾಕುತ್ತದೆ. ಜಾಣ್ಮೆ ಬೇಕಾಗುವುದು ಸಿಕ್ಕ ಮೇಲೆ. ಹಿಂದಕ್ಕೆ ಬಾಗಿದ ನೂರಾರು ಹಲ್ಲುಗಳ ಮಧ್ಯದಿಂದ ಗಾಳ ಬಿಡಿಸಬೇಕು, ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನಿಸಬೇಕು, ಇಟ್ಟುಕೊಂಡರೆ ಮುಳ್ಳಿನ ಕಾಟ ನಿಭಾಯಿಸಬೇಕು. ಅಮೆರಿಕದ ಮಿನ್ನೆಸೋಟದಲ್ಲಿ ನೆಲೆಸಿದ ಕನ್ನಡಿಗರಿಗೂ ಬೇಸಿಗೆಗೆಂದು ಮಕ್ಕಳ ಮನೆಗೆ ಹೋಗುವ ಅಪ್ಪ ಅಮ್ಮಂದಿರಿಗೂ ಉಪಯೋಗವಾಗಲೆಂದು ಈ ಬರಹ. ಆ ರಾಜ್ಯದಲ್ಲಿ 10 ಎಕರೆಗಿಂತ ದೊಡ್ಡ ಕೆರೆಗಳೇ 11,842 ಇವೆ. ಹಳ್ಳಿಗಾಡಿನ ಯಾವುದಾದರೂ ಸಣ್ಣ ಕೆರೆಗೆ ಹೋದರೂ ಪೈಕ್ ಇರುವ ಸಂಭವವೇ ಹೆಚ್ಚು.

ಮೊದಲು ಲೈಸೆನ್ಸ್. 16 ವರ್ಷ ತುಂಬಿದವರು ಅದಿಲ್ಲದೆ ಗಾಳ ಹಾಕುವಂತಿಲ್ಲ. ರಾಜ್ಯದಲ್ಲಿ ಸತತ 60 ದಿನ ವಾಸವಿದ್ದವರಿಗೆ ಸ್ಥಳೀಯರ ದರ. ಊರಿನಿಂದ ಬಂದ ಅತಿಥಿಗಳಿಗೆ 24 ಗಂಟೆ, 72 ಗಂಟೆ, 7 ದಿನದ ಲೈಸೆನ್ಸ್‌ಗಳಿವೆ. ಆನ್‌ಲೈನಿನಲ್ಲೂ ಎರೆ ಮಾರುವ ಅಂಗಡಿಗಳಲ್ಲೂ ಸಿಗುತ್ತದೆ. ಕೆರೆಗಳಲ್ಲಿ ಪೈಕ್ ಹಂಗಾಮು ಮೇ ಮಧ್ಯದ ಒಂದು ಶನಿವಾರ ಶುರುವಾಗಿ ಫೆಬ್ರವರಿಯ ಕೊನೆಯ ಭಾನುವಾರದವರೆಗೆ ನಡೆಯುತ್ತದೆ.

ಕೆರೆ ಆರಿಸುವಾಗ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ 'ಲೇಕ್‌ಫೈಂಡರ್' ನೋಡಿ. ಹೆಸರು ಹಾಕಿದರೆ ಸಾಕು, ಆಳದ ನಕ್ಷೆ, ಸಮೀಕ್ಷೆಯ ಬಲೆಗೆ ಬಿದ್ದ ಮೀನುಗಳ ಪಟ್ಟಿ, ದೋಣಿ ಇಳಿಸುವ ಜಾಗ, ಎಲ್ಲವೂ ಸಿಗುತ್ತದೆ. ಮೀನು ಹಿಡಿಯಲೆಂದೇ ಕಟ್ಟಿದ ಸಾರ್ವಜನಿಕ ಅಟ್ಟಣೆ ಇರುವ ಕೆರೆಯಾದರೆ ದೋಣಿಯ ಖರ್ಚೂ ಉಳಿಯಿತು.

ಇನ್ನು ಸಲಕರಣೆ. ಮಧ್ಯಮ ಗಟ್ಟಿತನದ ಆರೂವರೆ-ಏಳಡಿಯ ರಾಡ್, ಸಾಮಾನ್ಯ ರೀಲು, 30 ಪೌಂಡ್ ತಾಳುವ ಹೆಣೆದ ದಾರ ಇದ್ದರೆ ಧಾರಾಳವಾಯಿತು. ಆದರೆ ದಾರಕ್ಕೂ ಗಾಳಕ್ಕೂ ನಡುವೆ ಒಂದಡಿ ಉದ್ದದ ಉಕ್ಕಿನ ತಂತಿ ಕಟ್ಟಲೇಬೇಕು. ಅದಿಲ್ಲದಿದ್ದರೆ ಹಲ್ಲು ತಗುಲಿದ ಕೂಡಲೇ ದಾರ ಕತ್ತರಿಸುತ್ತದೆ. ನಷ್ಟ ನಿಮಗಿಂತ ಮೀನಿಗೇ ಹೆಚ್ಚು, ಬಾಯಲ್ಲಿ ಗಾಳ ಸಿಕ್ಕಿಸಿಕೊಂಡೇ ಓಡಾಡಬೇಕು. ಅಂಗಡಿಯವರು ಎದುರಿಗೆ ಹತ್ತಾರು ಬಣ್ಣದ ಕೃತಕ ಮೀನುಗಳನ್ನು ಹರಡಿದರೆ ಮರುಳಾಗಬೇಡಿ. ಕೆಂಪು-ಬಿಳಿ ಪಟ್ಟೆಯ ಲೋಹದ ಸ್ಪೂನ್ ಒಂದು, ರೆಕ್ಕೆ ತಿರುಗುವ ಸ್ಪಿನ್ನರ್ ಒಂದು ಸಾಕು. ಮೊದಲೇ ಇಕ್ಕಳದಲ್ಲಿ ಗಾಳದ ಮೊನೆಯ ಹಿಂಭಾಗದ ಸಣ್ಣ ಮುಳ್ಳನ್ನು ಒತ್ತಿ ಮಟ್ಟ ಮಾಡಿಟ್ಟುಕೊಳ್ಳಿ. ಯಾಕೆ ಎನ್ನುವುದು ಮುಂದೆ ತಿಳಿಯುತ್ತದೆ.

ಪೈಕ್ ಬೆನ್ನಟ್ಟಿ ಬೇಟೆಯಾಡುವ ಮೀನಲ್ಲ. ಕಳೆಯ ಮರೆಯಲ್ಲಿ ಮರದ ತುಂಡಿನಂತೆ ಅಲುಗಾಡದೆ ನಿಂತು, ಹತ್ತಿರ ಬಂದದ್ದರ ಮೇಲೆ ಒಮ್ಮೆಲೇ ಎರಗುತ್ತದೆ. ಹಾಗಾಗಿ ಕೆರೆಯ ನಡುಮಧ್ಯಕ್ಕೆ ಬೀಸಿ ಪ್ರಯೋಜನವಿಲ್ಲ. ಜೊಂಡು, ನೀರಕಳೆ ಮುಗಿದು ತಿಳಿನೀರು ಶುರುವಾಗುವ ಅಂಚಿನುದ್ದಕ್ಕೂ ಸ್ಪೂನ್ ಹಾದುಹೋಗುವಂತೆ ಎಸೆಯಿರಿ. ಮೇ ತಿಂಗಳಲ್ಲಾದರೆ ಮಂಡಿಯಾಳದ ಕೊಲ್ಲಿಗಳಲ್ಲೂ ಸಿಗುತ್ತದೆ. ಮಂಜುಗಡ್ಡೆ ಕರಗುತ್ತಲೇ ಮೊಟ್ಟೆಯಿಡಲು ಬಂದವು ಇನ್ನೂ ಅಲ್ಲೇ ಸುಳಿದಾಡುತ್ತಿರುತ್ತವೆ. ಜುಲೈ ಸೆಖೆಯಲ್ಲಿ ದೊಡ್ಡವು ತಣ್ಣೀರು ಹುಡುಕಿ ಆಳಕ್ಕಿಳಿಯುತ್ತವೆ, ಅಂಚಿನಲ್ಲಿ ಉಳಿಯುವುದು ಮರಿಗಳೇ. ಕಣ್ಣಿನಿಂದ ಬೇಟೆಯಾಡುವ ಮೀನಾದ್ದರಿಂದ ಕತ್ತಲಾದ ಮೇಲೆ ಕಾಯುವುದು ದಂಡ.

ರೀಲು ಸುತ್ತುವಾಗ ಒಂದೇ ವೇಗ ಬೇಡ. ನಾಲ್ಕು ಸುತ್ತು, ಒಂದು ಕ್ಷಣದ ಬಿಡುವು, ಮತ್ತೆ ಸುತ್ತು. ಬಿಡುವಿನಲ್ಲಿ ಸ್ಪೂನ್ ತೂರಾಡುತ್ತಾ ಕೆಳಗಿಳಿಯುತ್ತದೆ, ಪೈಕ್ ಎರಗುವುದು ಹೆಚ್ಚಾಗಿ ಆಗಲೇ. ಸ್ಪೂನನ್ನು ನೀರಿನಿಂದ ಎತ್ತುವ ಮುನ್ನ ಅದರ ಹಿಂದೆ ಒಮ್ಮೆ ಕಣ್ಣಾಡಿಸಿ. ದಡದವರೆಗೂ ಹಿಂಬಾಲಿಸಿ ಬಂದು ನಿಂತಿರುವುದುಂಟು.

ಕಚ್ಚಿತು. ಈಗ ಅವಸರ ಮಾಡಬೇಡಿ, ಹಾಗೆಂದು ಅರ್ಧ ಗಂಟೆ ಆಟವಾಡಿಸಿ ಸುಸ್ತು ಮಾಡುವುದೂ ಬೇಡ. ದಾರ ಬಿಗಿಯಾಗಿಯೇ ಇರಲಿ. ದಡಕ್ಕೆ ಬಂದಾಗ ಸತ್ತಂತೆ ತೇಲಿದರೆ ನಂಬಬೇಡಿ, ಬಲೆ ಕಂಡೊಡನೆ ಇನ್ನೊಮ್ಮೆ ಜಿಗಿಯುತ್ತದೆ. ಬಲೆಯೊಳಗೆ ಬಂದ ಮೇಲೆ ಬಲೆ ನೀರಿನಲ್ಲೇ ಇರಲಿ, ಮೀನನ್ನು ಒಣ ಹಲಗೆಯ ಮೇಲೆ ಹೊರಳಾಡಿಸಬೇಡಿ. ಮೈಮೇಲಿನ ಲೋಳೆ ಅದಕ್ಕೆ ರೋಗ ತಡೆಯುವ ಹೊದಿಕೆ.

ಕೈ ಒದ್ದೆ ಮಾಡಿಕೊಳ್ಳಿ. ಎಡಗೈಯ ಬೆರಳುಗಳನ್ನು ಕಿವಿರಿನ ಮುಚ್ಚಳದ ಕೆಳಗಂಚಿನಿಂದ ಒಳಗೆ ತೂರಿಸಿ, ಗಲ್ಲದ ಕಡೆಗೆ ಮೆಲ್ಲಗೆ ಸರಿಸಿ. ಅಲ್ಲಿ ಹಲ್ಲಿಲ್ಲದ ಒಂದು ಸಂದಿ ಇದೆ, ಅದನ್ನು ಹಿಡಿದರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಒಳಗಿನ ಕೆಂಪು ಕಿವಿರಿಗೆ ಬೆರಳು ತಾಗಕೂಡದು. ಕಣ್ಣುಗುಳಿಗೆ ಬೆರಳೊತ್ತಿ ಹಿಡಿಯುವ ಹಳೇ ಪದ್ಧತಿಯನ್ನು ಈಗಲೂ ಕೆಲವರು ಹೇಳಿಕೊಡುತ್ತಾರೆ, ಅವರ ಮಾತು ಕೇಳಬೇಡಿ. ಬಿಡಬೇಕಾದ ಮೀನನ್ನು ಕುರುಡು ಮಾಡಿ ಬಿಟ್ಟರೇನು ಬಂತು? ಬಲಗೈಯಲ್ಲಿ ಉದ್ದ ಮೂತಿಯ ಇಕ್ಕಳ ಹಿಡಿದು, ಗಾಳ ಹೊಕ್ಕ ದಾರಿಯಲ್ಲೇ ಹಿಂದಕ್ಕೆ ತಿರುವಿ. ಮೊದಲೇ ಮುಳ್ಳು ಮಟ್ಟ ಮಾಡಿದ್ದರೆ ಇದು ಅರೆನಿಮಿಷದ ಕೆಲಸ. ಗಂಟಲಾಳಕ್ಕೆ ಹೋಗಿದ್ದರೆ ಎಳೆದಾಡದೆ, ಗಟ್ಟಿ ಕತ್ತರಿಯಿಂದ ಗಾಳವನ್ನೇ ತುಂಡರಿಸಿ. ಗಾಳ ಹೋದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ.

ಈಗ ಅಳತೆ. 2018ರಿಂದ ಮಿನ್ನೆಸೋಟದಲ್ಲಿ ಪೈಕ್‌ಗೆ ಮೂರು ವಲಯಗಳು, ಮೂರು ನಿಯಮ. ಸಣ್ಣ ಕೆರೆಗಳು ಹೆಚ್ಚಿರುವ ಉತ್ತರ-ಮಧ್ಯ ವಲಯದಲ್ಲಿ ಒಬ್ಬರು 10 ಪೈಕ್ ಇಟ್ಟುಕೊಳ್ಳಬಹುದು, ಆದರೆ 22ರಿಂದ 26 ಇಂಚಿನವನ್ನು ಕಡ್ಡಾಯವಾಗಿ ಬಿಡಬೇಕು, 26 ಇಂಚು ಮೀರಿದವು ಎರಡಕ್ಕಿಂತ ಹೆಚ್ಚು ಇರಕೂಡದು. ದಕ್ಷಿಣ ವಲಯದಲ್ಲಿ ಇದು ಉಲ್ಟಾ: 24 ಇಂಚಿಗಿಂತ ಚಿಕ್ಕದನ್ನು ಇಟ್ಟುಕೊಳ್ಳುವಂತಿಲ್ಲ, ಮಿತಿ ಎರಡೇ. ಕಾರಣವಿದೆ. ಉತ್ತರ-ಮಧ್ಯದ ಕೆರೆಗಳಲ್ಲಿ ದೊಡ್ಡವನ್ನೆಲ್ಲ ಮನೆಗೊಯ್ದು ಸಣ್ಣವನ್ನು ಬಿಟ್ಟ ಪರಿಣಾಮ, ಬೆಳೆಯದ ಪೈಕ್‌ಗಳೇ ಗಿಜಿಗುಟ್ಟಿ ಪರ್ಚ್ ಮೀನುಗಳನ್ನು ತಿಂದು ಮುಗಿಸುತ್ತಿದ್ದವು. ಆದ್ದರಿಂದ ಅಲ್ಲಿ ಸಣ್ಣದನ್ನು ತಿಂದು ದೊಡ್ಡದನ್ನು ಬಿಡುವುದೇ ಕೆರೆಗೆ ಉಪಕಾರ. ನಿಯಮ ಬದಲಾಗುತ್ತಿರುತ್ತದೆ, ಆ ವರ್ಷದ ಪುಸ್ತಿಕೆ ಜೇಬಿನಲ್ಲಿರಲಿ. ಪೈಕ್‌ನ ದಾಯಾದಿ ಮಸ್ಕಿಯನ್ನೂ ಗುರುತಿಸಲು ಕಲಿಯಬೇಕು. ಪೈಕ್‌ಗೆ ಕಡುಹಸಿರು ಮೈಮೇಲೆ ತಿಳಿ ಚುಕ್ಕೆ, ದುಂಡನೆಯ ಬಾಲದ ತುದಿ. ಮಸ್ಕಿಗೆ ತಿಳಿ ಮೈಮೇಲೆ ಗಾಢ ಗುರುತು, ಚೂಪು ಬಾಲ. ಮರೆತು ಮಸ್ಕಿಯನ್ನು ಚೀಲಕ್ಕೆ ಹಾಕಿದರೆ ದಂಡ ತೆರಬೇಕಾದೀತು.

ಬಿಡುವ ಮೀನನ್ನು ನೀರಿನಲ್ಲಿ ಬಾಲದ ಬುಡ ಹಿಡಿದು ನೆಟ್ಟಗೆ ನಿಲ್ಲಿಸಿ, ತಾನೇ ಕೊಸರಿಕೊಂಡು ಹೋಗುವವರೆಗೆ ಕಾಯಿರಿ. ಉಳಿದ ಜೀವಂತ ಎರೆಮೀನನ್ನು ಕೆರೆಗೆ ಸುರಿಯುವುದು ಅಪರಾಧ, ಕಸದ ಡಬ್ಬಿಗೆ ಹಾಕಿ. ದೋಣಿಯ ನೀರು ಅಲ್ಲೇ ಖಾಲಿ ಮಾಡಿ, ಅಂಟಿದ ಕಳೆ ಕಿತ್ತುಹಾಕಿ ಹೊರಡಿ.

ಅಡುಗೆಮನೆಯಲ್ಲಿ ಪೈಕ್‌ಗೆ ಕೆಟ್ಟ ಹೆಸರಿರುವುದು ಕವಲೊಡೆದ ಸಣ್ಣ ಮುಳ್ಳುಗಳಿಂದ. ಅಲ್ಲಿನವರು ಆ ಮುಳ್ಳಿನ ಸಾಲನ್ನು ತಪ್ಪಿಸಿ ಬೆನ್ನು, ಎರಡು ಪಕ್ಕೆ, ಎರಡು ಬಾಲದ ತುಂಡೆಂದು ಐದು ಭಾಗ ಮಾಡುತ್ತಾರೆ. ಅಭ್ಯಾಸವಿಲ್ಲದವರಿಗೆ ಸುಲಭದ ದಾರಿ ಬೇರೆ: ಚರ್ಮ ತೆಗೆದ ತುಂಡಿಗೆ ಕಾಲಿಂಚಿಗೊಂದರಂತೆ ಆಳವಾಗಿ ಗೀರು ಹಾಕಿ, ಮೆಣಸಿನಪುಡಿ, ಅರಿಶಿನ, ಉಪ್ಪು, ಹುಣಸೆರಸ ಸವರಿ, ರವೆಯಲ್ಲಿ ಹೊರಳಿಸಿ ಎಣ್ಣೆಯಲ್ಲಿ ಮುಳುಗಿಸಿ ಕರಿಯಿರಿ. ಚೂರಾದ ಮುಳ್ಳು ಗರಿಗರಿಯಾಗಿ ಮಾಂಸದೊಡನೆ ಹೋಗುತ್ತದೆ. ಆದರೂ ಮಕ್ಕಳಿಗೆ ಬೆರಳಲ್ಲಿ ಒತ್ತಿ ನೋಡಿಯೇ ಕೊಡಿ. ವಿನೆಗರ್‌ನಲ್ಲಿ ನೆನೆಸಿ ಉಪ್ಪಿನಕಾಯಿ ಹಾಕುವುದೂ ಅಲ್ಲಿ ರೂಢಿ, ಬೇಯಿಸದೆ ತಿನ್ನುವ ಪದಾರ್ಥವಾದ್ದರಿಂದ ಲಾಡಿಹುಳುವಿನ ಭಯವಿದೆ. ಮೊದಲು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವಾರ ಹೆಪ್ಪುಗಟ್ಟಿಸಿಡಿ. ಗರ್ಭಿಣಿಯರೂ ಮಕ್ಕಳೂ ದೊಡ್ಡ ಪೈಕ್ ತಿನ್ನದಿರುವುದು ಒಳ್ಳೆಯದು, ವಯಸ್ಸಾದಷ್ಟೂ ಅದರ ಮಾಂಸದಲ್ಲಿ ಪಾದರಸ ಸೇರಿಕೊಳ್ಳುತ್ತದೆ.