ನಗರಸಭೆಯ ಜಾಗದಿಂದ ಇಲಿ ಪಾಷಾಣ ತೆಗೆಸಿದ್ದು: ನನ್ನ ಅನುಭವ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನಾವಿರುವುದು ಚಿಕ್ಕ ಊರು. ಪಾರ್ಕು, ಲೈಬ್ರರಿ, ಸಮುದಾಯ ಭವನ, ಎಲ್ಲದರ ಗೋಡೆಬುಡದಲ್ಲೂ ಬೀಗ ಹಾಕಿದ ಕಪ್ಪು ಪ್ಲಾಸ್ಟಿಕ್ ಡಬ್ಬಿಗಳಿದ್ದವು. ಎರಡು ಬದಿಗೂ ತೂತು, ಒಳಗೆ ಕಂಬಿಗೆ ಪೋಣಿಸಿದ ಇಲಿ ಪಾಷಾಣದ ಬಿಲ್ಲೆಗಳು. 2022ರಲ್ಲಿ ಅಕ್ಕಪಕ್ಕದ ಕೆಲವು ಮನೆಯವರು ಸೇರಿ ಅವನ್ನು ತೆಗೆಸಲು ಹೊರಟೆವು. ಬೇರೆ ಊರುಗಳ ಗೆಳೆಯರು ಹೇಗೆಂದು ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ಈ ವಿಷ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ದೇಹ ವಿಟಮಿನ್ ಕೆ ಬಳಸಿಕೊಳ್ಳದಂತಾಗಿ, ರಕ್ತ ಹೆಪ್ಪುಗಟ್ಟದೆ ಒಳಗೇ ಸೋರಿ ಸಾಯಲು ಹಲವು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಅದು ಮತ್ತೆ ಮತ್ತೆ ತಿಂದಿರುತ್ತದೆ. ಮಂಕಾಗಿ ಹಗಲಲ್ಲೇ ಬಯಲಿಗೆ ಬಂದು ಗೂಬೆಗೋ ಗಿಡುಗಕ್ಕೋ ಸುಲಭದ ತುತ್ತಾಗುತ್ತದೆ. ಬ್ರೋಡಿಫ್ಯಾಕಮ್‌ನಂಥ ಎರಡನೇ ಪೀಳಿಗೆಯ, ಅಂದರೆ ಆಮೇಲೆ ಬಂದ ಹೆಚ್ಚು ತೀಕ್ಷ್ಣವಾದ ವಿಷಗಳು ತಿಂದ ಪ್ರಾಣಿಯ ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಿನಲ್ಲಿದ್ದ ಪಿ-22 ಎಂಬ ಪ್ಯೂಮಾ (ಬೆಕ್ಕಿನ ಜಾತಿಯ ದೊಡ್ಡ ಕಾಡುಪ್ರಾಣಿ) 2014ರಲ್ಲಿ ಕಜ್ಜಿ ಹಿಡಿದು ಸೊರಗಿದಾಗ ಅದರ ರಕ್ತದಲ್ಲಿ ಸಿಕ್ಕಿದ್ದೂ ಇಲಿ ಪಾಷಾಣವೇ.

ಊರಿನಲ್ಲೆಲ್ಲೂ ಬಳಸದಂತೆ ನಗರಸಭೆಯೇ ನಿಷೇಧಿಸಲಿ ಎಂದು ಎಲ್ಲರೂ ಹೇಳುತ್ತಾರೆ. ಇಲ್ಲಿ ಅದಾಗುವುದಿಲ್ಲ. ಮೆಂಡೊಸಿನೊ ಕೌಂಟಿಯ ಮತದಾರರು ಕೆಲವು ಕಳೆನಾಶಕಗಳನ್ನು ವಿಮಾನದಿಂದ ಸಿಂಪಡಿಸಬಾರದೆಂದು ನಿಯಮ ಮಾಡಿದ್ದರು. 1984ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷ ಶಾಸನಸಭೆ ಕಾನೂನು ತಿದ್ದಿ, ಕೀಟನಾಶಕಗಳ ವಿಚಾರದಲ್ಲಿ ಸ್ಥಳೀಯ ಸಂಸ್ಥೆಗಳು ಕೈಹಾಕುವಂತಿಲ್ಲ ಎಂದುಬಿಟ್ಟಿತು. ಇಲಿ ಪಾಷಾಣವೂ ಅದರಡಿಗೇ ಬರುತ್ತದೆ. ಕೇಂದ್ರದ ಕಾನೂನು ಊರುಗಳ ಕೈ ಕಟ್ಟಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ, ಕಟ್ಟಿರುವುದು ರಾಜ್ಯ. ತನ್ನ ಮಣ್ಣಿನಲ್ಲಿ ಯಾವ ವಿಷ ಬೀಳಬೇಕೆಂದು ನಿರ್ಧರಿಸುವ ಹಕ್ಕು ಒಂದು ಊರಿಗಿಲ್ಲ ಎಂಬುದು ನನಗೆ ಇಂದಿಗೂ ಅನ್ಯಾಯವೆನಿಸುತ್ತದೆ. ಕಡಲತೀರದ ಮಾಲಿಬು ನಗರ ರಾಜ್ಯದ್ದೇ ಆದ ಕರಾವಳಿ ಕಾಯ್ದೆಯ ದಾರಿ ಹಿಡಿದು ನಿಷೇಧ ತಂದುಕೊಂಡಿತು. ನಮ್ಮ ಊರು ಆ ಕಾಯ್ದೆಯ ವ್ಯಾಪ್ತಿಯಲ್ಲಿಲ್ಲ.

ಆದರೆ ತನ್ನ ಸ್ವಂತ ಜಾಗದಲ್ಲಿ ಏನು ಬಳಸಬೇಕು, ಏನು ಬೇಡ ಎಂದು ತೀರ್ಮಾನಿಸಲು ನಗರಸಭೆಗೆ ಯಾರ ಅಪ್ಪಣೆಯೂ ಬೇಡ. ನಾವು ಹಿಡಿದದ್ದು ಇದನ್ನೇ.

ಮೊದಲು ಸಾರ್ವಜನಿಕ ದಾಖಲೆ ಕಾಯ್ದೆಯಡಿ ಅರ್ಜಿ ಹಾಕಿ, ಈ ಡಬ್ಬಿಗಳನ್ನು ನೋಡಿಕೊಳ್ಳುವ ಗುತ್ತಿಗೆದಾರರ ಬಿಲ್ಲುಗಳನ್ನೂ ಬಳಕೆಯ ವರದಿಗಳನ್ನೂ ತರಿಸಿದೆವು. ಬರೀ ಬ್ರ್ಯಾಂಡಿನ ಹೆಸರು ಸಾಲದು, ವಿಷದ ಹೆಸರು ಬೇಕು ಎಂದು ಅರ್ಜಿಯಲ್ಲೇ ಬರೆಯಿರಿ. ನಮಗೆ ಸಿಕ್ಕಿದ್ದು ಡೈಫಾಸಿನೋನ್. 2021ರ ಜನವರಿಯಲ್ಲಿ ಜಾರಿಗೆ ಬಂದ ರಾಜ್ಯ ಕಾನೂನು ಎರಡನೇ ಪೀಳಿಗೆಯ ವಿಷಗಳ ಹೆಚ್ಚಿನ ಬಳಕೆಯನ್ನು ತಡೆದಿತ್ತು. ಡೈಫಾಸಿನೋನ್ ಮೊದಲ ಪೀಳಿಗೆಯದು, ಆಗ ಅದಕ್ಕೆ ತಡೆಯಿರಲಿಲ್ಲ.

ಆಮೇಲೆ ಗುತ್ತಿಗೆ ಯಾವಾಗ ಮುಗಿಯುತ್ತದೆಂದು ನೋಡಿದೆವು. ನಡುವೆ ಹೋದರೆ "ಒಪ್ಪಂದ ಇದೆಯಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ನವೀಕರಣಕ್ಕೆ ಮುಂಚೆ ಹೋದರೆ ಟೆಂಡರಿನಲ್ಲೇ ಷರತ್ತು ಸೇರಿಸಬಹುದು. ಸಭೆಯಲ್ಲಿ ಒಬ್ಬೊಬ್ಬರಿಗೆ ಸಿಗುವುದು ಎರಡೇ ನಿಮಿಷ, ಹಾಗಾಗಿ ಮಾತು ಹಂಚಿಕೊಂಡೆವು. ಒಬ್ಬರು ಕಾನೂನು, ಒಬ್ಬರು ಖರ್ಚು, ಪಶುವೈದ್ಯೆಯೊಬ್ಬರು ವಿಷ ತಿಂದ ನಾಯಿಗಳ ಚಿಕಿತ್ಸೆ. ಸದಸ್ಯರು ಪೆನ್ನು ಕೆಳಗಿಟ್ಟು ಕೇಳಿದ್ದು ಆಕೆಯ ಮಾತನ್ನು.

"ಹಾಗಾದರೆ ಹೆಗ್ಗಣಕ್ಕೆ ಏನು ಮಾಡೋಣ?" ಎಂದು ಪಾರ್ಕಿನ ಮೇಲ್ವಿಚಾರಕರು ಕೇಳಿದರು. ನ್ಯಾಯವಾದ ಪ್ರಶ್ನೆ. ಅವರ ಜೊತೆಗೇ ಕಟ್ಟಡಗಳನ್ನು ಸುತ್ತಿದೆವು. ಸಮುದಾಯ ಭವನದ ಹಿಂಬಾಗಿಲ ಕೆಳಗೆ ಹೆಬ್ಬೆರಳು ತೂರುವಷ್ಟು ಸಂದಿ. ಅದರ ಎದುರಿಗೇ ಮುಚ್ಚಳ ಮುರಿದ ಕಸದ ತೊಟ್ಟಿ. ಪಕ್ಕದಲ್ಲಿ ಸೊಂಟದೆತ್ತರ ಐವಿ ಬಳ್ಳಿ, ಅದರಡಿ ಉದುರಿದ ನಿಂಬೆಹಣ್ಣು. ಇವಿಷ್ಟು ಇರುವತನಕ ಎಷ್ಟು ವಿಷ ಇಟ್ಟರೂ ಹೊಸ ಹೆಗ್ಗಣ ಬರುತ್ತಲೇ ಇರುತ್ತದೆ. ಬಾಗಿಲಿಗೆ ಲೋಹದ ಪಟ್ಟಿ, ಗಾಳಿಕಿಂಡಿಗಳಿಗೆ ಕಾಲಿಂಚಿನ ಕಬ್ಬಿಣದ ಜಾಲರಿ, ತೊಟ್ಟಿಗೆ ಹೊಸ ಮುಚ್ಚಳ ಹಾಕಿಸಿ, ಐವಿ ಕಡಿಸಿದರು. ಅದೇ ಕಪ್ಪು ಡಬ್ಬಿಗಳೊಳಗೆ ವಿಷದ ಬದಲು ಸ್ಪ್ರಿಂಗ್ ಬೋನುಗಳು ಬಂದವು. ಬೋನನ್ನು ಆಗಾಗ ನೋಡುತ್ತಿರಬೇಕು, ಕೂಲಿ ಹೆಚ್ಚು. ಅದನ್ನು ನಾವು ಮುಚ್ಚಿಡಲಿಲ್ಲ.

ವಿಷ ಬೇಡವೆಂಬ ನಗರಸಭೆಯ ಠರಾವಿನ ಒಂದು ಪದಕ್ಕಾಗಿ ಪಟ್ಟು ಹಿಡಿದೆವು. ಕರಡಿನಲ್ಲಿ "ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷಗಳು" ಎಂದಿತ್ತು. ಹಾಗೆಯೇ ಬಿಟ್ಟಿದ್ದರೆ ಆ ಜಾಗಕ್ಕೆ ಬ್ರೊಮೆಥಲಿನ್ ಬರುತ್ತಿತ್ತು. ಅದು ನರಕ್ಕೆ ಹೊಡೆಯುವ ವಿಷ, ಅದಕ್ಕೆ ಪ್ರತಿವಿಷವೇ ಇಲ್ಲ. ವಿಟಮಿನ್ ಕೆ ಕೊಟ್ಟು ನಾಯಿಯನ್ನು ಉಳಿಸಿಕೊಳ್ಳುವ ದಾರಿಯೂ ಮುಚ್ಚುತ್ತದೆ. ಕೊನೆಗೆ "ಯಾವುದೇ ಇಲಿ ಪಾಷಾಣ" ಎಂದಾಯಿತು. ನಗರಸಭೆಯ ಜಾಗ ಬಾಡಿಗೆಗೆ ಪಡೆದವರಿಗೂ ಕರಾರು ನವೀಕರಿಸುವಾಗ ಇದೇ ಷರತ್ತು.

ಈಚೆಗೆ ರಾಜ್ಯವೂ ಮುಂದೆ ಬಂದಿದೆ. 2024ರಿಂದ ಡೈಫಾಸಿನೋನ್, 2025ರಿಂದ ಕ್ಲೋರೊಫಾಸಿನೋನ್ ಮತ್ತು ವಾರ್ಫರಿನ್ ಬಳಕೆಗೂ ಕಡಿವಾಣ ಬಿದ್ದಿದೆ. ಕೃಷಿ, ಸಾರ್ವಜನಿಕ ಆರೋಗ್ಯದಂಥ ವಿನಾಯಿತಿಗಳಿವೆ. ಬ್ರೊಮೆಥಲಿನ್ ಈ ಕಾನೂನುಗಳ ಹೊರಗೇ ಉಳಿದಿದೆ. ನಿಮ್ಮ ಊರಿನ ಗುತ್ತಿಗೆ ಪತ್ರ ತರಿಸಿಕೊಂಡಾಗ ಮೊದಲು ಹುಡುಕಬೇಕಾದ ಹೆಸರು ಅದು.