ತರಗತಿಯಲ್ಲಿ ಕನ್ನಡ ವಿಕಿಪೀಡಿಯವನ್ನು ಬಳಸುವ ಬಗೆ

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಪಾಠಕ್ಕೆ ತರುವವರು ಮೊದಲ ದಿನ ಯಾವುದಾದರೂ ಲೇಖನದ ‘ಇತಿಹಾಸ’ ಪುಟವನ್ನು ತೆರೆದು, ಯಾರು, ಯಾವಾಗ, ಏನನ್ನು ತಿದ್ದಿದರು ಎಂಬುದನ್ನು ತೋರಿಸಬೇಕು. ಖಾತೆಗಳನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ತೆರೆದು ಬರಲಿ. ಒಂದೇ ಐಪಿ ವಿಳಾಸದಿಂದ, ಅಂದರೆ ಒಂದೇ ಅಂತರ್ಜಾಲ ಸಂಪರ್ಕದಿಂದ, ದಿನಕ್ಕೆ ಸಾಮಾನ್ಯವಾಗಿ 6 ಖಾತೆಗಳಿಗಷ್ಟೇ ಅವಕಾಶವಿರುವುದರಿಂದ, ಕಾಲೇಜಿನ ಲ್ಯಾಬಿನಲ್ಲಿ ಏಳನೆಯವರ ಸರದಿಗೆ ಕೆಲಸ ನಿಂತುಬಿಡುತ್ತದೆ.

ಹೊಸ ಲೇಖನಕ್ಕಿಂತ ಒಂದು ವಾಕ್ಯಕ್ಕೆ ಉಲ್ಲೇಖ ಸೇರಿಸುವುದೇ ಆರಂಭಕ್ಕೆ ಲೇಸು. ‘ಈ ಕೆರೆ ಬಹಳ ಪ್ರಾಚೀನವಾದುದು’ ಎಂಬ ವಾಕ್ಯ ಕಂಡರೆ, ಗ್ರಂಥಾಲಯದಲ್ಲಿರುವ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನಸಂಗ್ರಹದ ಸಂಪುಟದಲ್ಲಿ ಆ ಕೆರೆಯ ಶಾಸನವನ್ನು ಹುಡುಕಿಸಿ, ಅದರ ಕಾಲವನ್ನೂ ಪುಟಸಂಖ್ಯೆಯನ್ನೂ ಬರೆಯಿಸಿ. ಅಜ್ಜಿ ಹೇಳಿದ ಕಥೆ ಎಷ್ಟೇ ಸೊಗಸಾಗಿದ್ದರೂ ಅಲ್ಲಿ ಆಧಾರವಾಗದು.

ಕರಡು, ಬಳಕೆದಾರರ ಅಭ್ಯಾಸಕ್ಕೆಂದೇ ಇರುವ ಪ್ರಯೋಗಪುಟದಲ್ಲಿರಲಿ. ಸೇರಿಸಿದ್ದನ್ನು ಯಾರಾದರೂ ಅಳಿಸಿದರೆ, ಮತ್ತೆ ಅಂಟಿಸದೆ ‘ಚರ್ಚೆ’ ಪುಟದಲ್ಲಿ ಕಾರಣ ಕೇಳುವಂತೆ ತಿಳಿಸಿ. ನನ್ನ ಮಟ್ಟಿಗೆ ಹೆಚ್ಚಿನ ಅಂಕ ಸಲ್ಲಬೇಕಾದದ್ದು ಆ ಚರ್ಚೆಗೇ.