0.30103 ಎಲ್ಲಿಂದ ಬಂತು? ಬ್ರಿಗ್ಸ್ ದಾರಿಯಲ್ಲಿ ನಾನು ಹಾಕಿದ ಲೆಕ್ಕ

ಪಿಯುಸಿ ಫಿಸಿಕ್ಸ್ ಪ್ರಾಕ್ಟಿಕಲ್‌ ಮಾಡಿದವರಿಗೆಲ್ಲ ಲಾಗ್ ಟೇಬಲ್ ಗೊತ್ತು. 2ರ ಲಾಗ್ (10ನ್ನು ಯಾವ ಘಾತಕ್ಕೆ ಏರಿಸಿದರೆ 2 ಬರುತ್ತದೋ ಆ ಅಂಕಿ) 0.3010. ನೋಡುತ್ತೇವೆ, ಬರೆದುಕೊಳ್ಳುತ್ತೇವೆ, ಮುಂದೆ ಹೋಗುತ್ತೇವೆ. ಆ ಅಂಕಿ ಟೇಬಲ್‌ಗೆ ಹೇಗೆ ಬಂತು ಅಂತ ತರಗತಿಯಲ್ಲಿ ಯಾರಾದರೂ ಕೇಳಿದರೆ ಕ್ಯಾಲ್ಕುಲಸ್‌ನ ಸರಣಿ ತೋರಿಸಿ ಕೈತೊಳೆದುಕೊಳ್ಳಬಹುದು. ಆದರೆ ಇಂಗ್ಲೆಂಡಿನ ಗಣಿತಜ್ಞ ಹೆನ್ರಿ ಬ್ರಿಗ್ಸ್ ಈ ಟೇಬಲ್ ಮಾಡುವಾಗ ಕ್ಯಾಲ್ಕುಲಸ್ ಇನ್ನೂ ಹುಟ್ಟಿರಲಿಲ್ಲವಲ್ಲ! ಅವನ ಹತ್ತಿರ ಇದ್ದದ್ದು ವರ್ಗಮೂಲ ಮಾತ್ರ. ಅದನ್ನೇ ಹಿಡಿದು ನಾನೂ ಕೂತೆ. ಕ್ಯಾಲ್ಕುಲೇಟರ್ ಇಲ್ಲ, ಚೌಕುಳಿ ಪುಸ್ತಕ ಮತ್ತು ಪೆನ್ಸಿಲ್.

ಲಾಗರಿದಮ್ ಬ್ರಿಗ್ಸ್‌ನದಲ್ಲ, ಸ್ಕಾಟ್ಲೆಂಡಿನ ಜಾನ್ ನೇಪಿಯರ್‌ನದು. 1614ರಲ್ಲಿ ಅವನ ಪುಸ್ತಕ ಬಂತು. ಬ್ರಿಗ್ಸ್ ಆಗ ಲಂಡನ್ನಿನ ಗ್ರೆಷಮ್ ಕಾಲೇಜಿನಲ್ಲಿ ಜ್ಯಾಮಿತಿಯ ಪ್ರೊಫೆಸರ್. ಓದಿ ಸುಮ್ಮನಿರಲಾಗದೆ ಮರುವರ್ಷ ಎಡಿನ್‌ಬರೋಗೇ ಹೋದ. 1ರ ಲಾಗ್ ಸೊನ್ನೆ, 10ರ ಲಾಗ್ 1 ಇರಲಿ ಅನ್ನೋ ಇವತ್ತಿನ ಏರ್ಪಾಡು ಅವರಿಬ್ಬರ ಮಾತುಕತೆಯಲ್ಲೇ ಕುದುರಿತು. 1617ರಲ್ಲಿ ನೇಪಿಯರ್ ತೀರಿಕೊಂಡ. ಲೆಕ್ಕದ ಹೊರೆಯೆಲ್ಲ ಬ್ರಿಗ್ಸ್ ಹೆಗಲಿಗೆ ಬಿತ್ತು.

ಈಗ ಕೆಲಸಕ್ಕೆ ಬರೋಣ. 10ರ ವರ್ಗಮೂಲ 3.1622777. ಅದರ ಲಾಗ್ ಅರ್ಧ. ಮತ್ತೆ ವರ್ಗಮೂಲ ತೆಗೆದರೆ 1.7782794, ಲಾಗ್ ಕಾಲು. ಹೀಗೆ ಹತ್ತು ಸಲ. ಹೈಸ್ಕೂಲಿನಲ್ಲಿ ಕಲಿಸುತ್ತಿದ್ದರಲ್ಲ, ಎರಡೆರಡು ಅಂಕಿಗೆ ಜೋಡಿ ಕಟ್ಟಿ, ಮೇಲೆ ಗೆರೆ ಎಳೆದು, ಭಾಗಾಕಾರದ ಹಾಗೆ ಇಳಿಸುತ್ತಾ ಹೋಗುವುದು, ಅದೇ ಕ್ರಮ. ಏಳು ದಶಾಂಶ ಸ್ಥಾನ ಇಟ್ಟುಕೊಂಡೆ. ಒಂದೊಂದಕ್ಕೂ ಪುಟದ ಕಾಲುಭಾಗ ಬೇಕು. ಬೇಜಾರಿನ ಕೆಲಸ, ಸುಳ್ಳು ಹೇಳುವುದಿಲ್ಲ.

ಆದರೆ ಕೊನೆಯ ಮೂರು ಉತ್ತರ ನೋಡಿ: 1.0090350, 1.0045074, 1.0022511. ಬಿಂದುವಿನ ಬಲಗಡೆ ಇರುವುದು ಪ್ರತಿಸಲ ಹೆಚ್ಚುಕಮ್ಮಿ ಅರ್ಧವಾಗುತ್ತಿದೆ. ಲಾಗ್ ಅಂತೂ ಸರಿಯಾಗಿ ಅರ್ಧವಾಗುತ್ತಲೇ ಇದೆ. ಅಂದರೆ 1ರ ಪಕ್ಕಕ್ಕೆ ಬಂದರೆ ಇವೆರಡೂ ಒಂದೇ ಪ್ರಮಾಣದಲ್ಲಿ ಓಡುತ್ತವೆ. ಇನ್ನು ವರ್ಗಮೂಲ ಬೇಕಿಲ್ಲ, ಬರೀ ಗುಣಾಕಾರ ಸಾಕು! ಕೊನೆಯ ಲಾಗ್ 1/1024, ಅದನ್ನು 0.0022511ರಿಂದ ಭಾಗಿಸಿದರೆ ಸುಮಾರು 0.4338. ಇದೇ ಕೀಲಿಕೈ: 1ರ ಪಕ್ಕದ ಸಂಖ್ಯೆಯಲ್ಲಿ 1 ಬಿಟ್ಟು ಉಳಿದದ್ದನ್ನು ಇದರಿಂದ ಗುಣಿಸಿದರೆ ಅದರ ಲಾಗ್ ಸಿಗುತ್ತದೆ.

2ಕ್ಕೆ ಬ್ರಿಗ್ಸ್ ಮಾಡಿದ ಉಪಾಯ ನನಗೆ ಜಾಸ್ತಿ ಹಿಡಿಸಿತು. ಅವನು 2ನ್ನು ನೇರವಾಗಿ ಮುಟ್ಟಲಿಲ್ಲ. 2ನ್ನು ಹತ್ತು ಸಲ ಗುಣಿಸಿದರೆ 1024, ಅಂದರೆ 1000 × 1.024. ಗುಣಲಬ್ಧದ ಲಾಗ್ ಅಂದರೆ ಲಾಗ್‌ಗಳ ಮೊತ್ತ; 1000ದ ಲಾಗ್ 3, ಅದು ಪುಕ್ಕಟೆ. ಉಳಿದದ್ದು 1.024, ಆಗಲೇ 1ರ ಹತ್ತಿರ ಇದೆ. ಅದಕ್ಕೆ ನಾಲ್ಕೇ ಸಲ ವರ್ಗಮೂಲ ತೆಗೆದೆ: 1.0014834. 0.0014834ನ್ನು ಕೀಲಿಕೈಯಿಂದ ಗುಣಿಸಿ, ನಾಲ್ಕು ಸಲ ಅರ್ಧವಾದ ಲಾಗನ್ನು ಮತ್ತೆ 16ರಿಂದ ಗುಣಿಸಿದರೆ 0.010296. ಮೂರು ಕೂಡಿಸಿ, ಹತ್ತರಿಂದ ಭಾಗಿಸಿ: 0.30103. ಹತ್ತರ ಭಾಗಾಕಾರದಲ್ಲಿ ತಪ್ಪೂ ಹತ್ತನೇ ಒಂದಾಗುತ್ತದೆ, ಜಾಣತನ ಇರುವುದು ಅಲ್ಲೇ.

ನನಗೆ ಐದು ಸ್ಥಾನ ಸಾಕಿತ್ತು. ಬ್ರಿಗ್ಸ್‌ಗೆ 14 ಬೇಕಿತ್ತು. ಅದಕ್ಕೆ 10ರ ವರ್ಗಮೂಲವನ್ನು ಅವನು 54 ಸಲ ತೆಗೆದ, 1.024ರದ್ದನ್ನು 47 ಸಲ. 1624ರ ಅವನ ಪುಸ್ತಕದಲ್ಲಿ 30,000 ಸಂಖ್ಯೆಗಳ ಲಾಗ್ ಇದೆ: 1ರಿಂದ 20,000 ಮತ್ತು 90,000ದಿಂದ 1,00,000. ನಡುವಿನ ಖಾಲಿ ಜಾಗವನ್ನು 1628ರಲ್ಲಿ ಹಾಲೆಂಡಿನ ವ್ಲಾಕ್ ತುಂಬಿದ, ಆದರೆ ಹತ್ತೇ ಸ್ಥಾನಕ್ಕೆ.

2 ಸಿಕ್ಕಮೇಲೆ 4, 8, 5 ತಾವಾಗಿಯೇ ಬರುತ್ತವೆ. 3ಕ್ಕೆ 81 = 80 × 1.0125 ಹಿಡಿದೆ, ಮೂರು ವರ್ಗಮೂಲಕ್ಕೆ 0.47712 ಬಂತು. 7 ಇನ್ನೂ ಸಲೀಸು. 7ರ ನಾಲ್ಕನೇ ಘಾತ 2401, ಪಕ್ಕದಲ್ಲೇ 2400. ಎರಡರ ಅನುಪಾತ 1.0004167, ವರ್ಗಮೂಲವೇ ಬೇಡ. ಕೀಲಿಕೈಯಿಂದ ಒಂದು ಗುಣಾಕಾರ, 2400ರ ಲಾಗ್ ಕೂಡಿಸು, ನಾಲ್ಕರಿಂದ ಭಾಗಿಸು: 0.84510.